ಫಿಲ್ಮಿನ ಮೂಲೆಯ ಅರಿಶಿನ

ನೇರಳೆ ಬಣ್ಣದ ಒಂದು ಗೆರೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಹೊಸ ಮೆಷಿನ್ನಿನ ಮುಚ್ಚಳದ ಸಂದಿಯಲ್ಲಿ ಕಾಣುತ್ತದೆ, ಮಾಯವಾಗುತ್ತದೆ, ಸದ್ದಿಲ್ಲ, ಬಿಸಿಯಿಲ್ಲ, ಇದಕ್ಕೆ ನನ್ನಿಂದ ಏನೂ ಬೇಕಾಗಿಲ್ಲ — ಗಂಗಣ್ಣ, ನೀನು ಸುಮ್ನೆ ನಿಂತ್ಕೊಂಡು ನೋಡಪ್ಪ, ನೋಡ್ತಾ ನೋಡ್ತಾ ಬರ್ತದೆ, ಅಂದಿದ್ದಾನೆ ರಮೇಶ್‌ಬಾಬು, ಅಂಗಡಿಯ ಯಜಮಾನ, ಅವರಪ್ಪ ವೆಂಕಟರಾಮಪ್ಪನವರ ಕಾಲದಲ್ಲಿ ಚಡ್ಡಿ ಹಾಕಿಕೊಂಡು ಇಲ್ಲೇ ಮೈಗೆಲ್ಲ ಇಂಕು ಮೆತ್ತಿಕೊಳ್ಳುತ್ತಿದ್ದವನು — ನೋಡುತ್ತಿದ್ದೇನೆ, ಏನು ನೋಡುವುದು, ಕಂಪ್ಯೂಟರಿನ ಮುಂದೆ ಕುಳಿತ ಕವಿತ ಒಂದು ಗುಂಡಿ ಒತ್ತಿದಳು, ಯಾರದೋ ಮದುವೆಯ ಹೆಸರುಗಳು ನೇರವಾಗಿ ಹೋಗಿ ಮರದ ಫ್ರೇಮಿಗೆ ಬಿಗಿದ ಬಟ್ಟೆಯ ಸ್ಕ್ರೀನಿನ ಮೇಲೆ ಕುಳಿತವು, ನಡುವೆ ಫಿಲ್ಮಿಲ್ಲ, ಗಾಜಿಲ್ಲ, ಫಿಲ್ಮನ್ನು ಬೆಳಕಿಗೆ ಹಿಡಿದು ಮಗುಚಿದೆಯೋ ನೆಟ್ಟಗಿದೆಯೋ ಎಂದು ನೋಡುವ ಗಂಗರಾಜುವೂ ಇಲ್ಲ. ಚಿಂತಾಮಣಿಯಲ್ಲಿ ಮದುವೆಗೆ ತಾಂಬೂಲದ ಚೀಲದ ಮೇಲೆ ಹೆಸರು ಹೊಡೆಸಬೇಕೆಂದರೆ ನಮ್ಮ ಅಂಗಡಿಗೇ ಬರುತ್ತಿದ್ದರು, ಬೆಂಗಳೂರಿನಿಂದ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಹೆಸರುಗಳು ಕಪ್ಪಗೆ ಮೂಡಿದ ತಿಳಿ ಫಿಲ್ಮು ಸುರುಳಿ ಸುತ್ತಿಕೊಂಡು ಬರುತ್ತಿತ್ತು, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕೂಸನ್ನು ಇಸಿದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡು ಬರುತ್ತಿದ್ದೆ, ಈಗ ಆ ಫಿಲ್ಮು ತೆಗೆದುಕೊಡುವ ಅಂಗಡಿಯೇ ಬಾಗಿಲು ಹಾಕಿತಂತೆ, ಅದಕ್ಕೇ ಈ ಮೆಷಿನ್ನು, ಸರಿ, ಬರಲಿ, ನನಗೇನು ಮೆಷಿನ್ನಿನ ಮೇಲೆ ಹಗೆಯೇ, ಬೆನ್ನುನೋವಾದರೂ ಕಡಿಮೆಯಾದೀತು — ಆದರೆ ಹಿಂದಿನ ಕೋಣೆಯಲ್ಲಿ ಪರಪರ ಸದ್ದು, ಫಿಲ್ಮಿನ ಮೇಲೆ ಫಿಲ್ಮು ಜಾರುವ ಸದ್ದು, ಬೆಳ್ಳಿಯವನು ಬಂದಿದ್ದಾನೆ, ಹಳೇ ಫಿಲ್ಮುಗಳನ್ನೆಲ್ಲ ಒಯ್ದು ಯಾವುದೋ ನೀರಿನಲ್ಲಿ ಅದ್ದಿ ಕಪ್ಪನ್ನು ತೊಳೆದು ಅದರೊಳಗಿನ ಬೆಳ್ಳಿ ತೆಗೆಯುತ್ತಾನಂತೆ, ಅಷ್ಟು ಮದುವೆಗಳ ಹೆಸರು ತೊಳೆದು ಚಿಟಿಕೆ ಬೆಳ್ಳಿ, ಮೇಲಿನ ಖಾನೆಯಿಂದ ಶುರು ಮಾಡಿ ಮೂಟೆ ಕಟ್ಟುತ್ತಿದ್ದಾನೆ, ನನ್ನ ಮಗಳ ಮದುವೆಯ ಫಿಲ್ಮು ಇರುವುದು ಕೆಳಗಿನ ಖಾನೆಯಲ್ಲಿ, ಇನ್ನೂ ಹೊತ್ತಿದೆ, ಹೋಗಿ ತೆಗೆದುಕೊಂಡರಾಯಿತು, ಕೊಡಪ್ಪ ಇದೊಂದು ನನಗಿರಲಿ ಅಂದರಾಯಿತು, ಯಾರು ಬೇಡ ಅನ್ನುತ್ತಾರೆ, ಆದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕು, ಹೇಳಲು ಹೋಗಿ ಇಷ್ಟು ವಯಸ್ಸಾದವನು ಅಂಗಡಿಯ ನಡುವೆ ನಿಂತು ಅಳುವುದೇ. ಮೆಷಿನ್ನನ್ನೇ ನೋಡುತ್ತಾ ನಿಂತಿದ್ದೇನೆ.

ಅಮೃತ, ಒಬ್ಬಳೇ ಮಗಳು, ಇದ್ದಳು — ಇದ್ದಳು ಅನ್ನುವ ಮಾತು ಇನ್ನೂ ನಾಲಗೆಯ ಮೇಲೆ ನೆಟ್ಟಗೆ ಕೂರುವುದಿಲ್ಲ — ಮಂಚೇನಹಳ್ಳಿಯ ಮೋಹನ್‌ಬಾಬುಗೆ ಕೊಟ್ಟಿದ್ದೆವು, ಚೀಲ ಇನ್ನೆಲ್ಲಿ ಹೊಡೆಸುವುದು, ಅಪ್ಪನ ಕೈಯಲ್ಲೇ ಆಗಬೇಕು ಅಂದಳು. ನಮ್ಮ ಕಡೆ ಮದುವೆಯ ಫಿಲ್ಮು ಬಂತೆಂದರೆ ಆ ಮನೆಯ ಹೆಂಗಸರು ಬಟ್ಟಲಿನಲ್ಲಿ ಅರಿಶಿನ ಕಲೆಸಿಕೊಂಡು ಅಂಗಡಿಗೇ ಬರುತ್ತಾರೆ, ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಹಾಗೆ ಇದಕ್ಕೂ ಹಚ್ಚಬೇಕು, ಬೇಡ ಅಂದರೆ ಮುಖ ಸಣ್ಣದಾಗುತ್ತದೆ, ಅದಕ್ಕೇ ವೆಂಕಟರಾಮಪ್ಪನವರು ಉಪಾಯವಾಗಿ ಫ್ರೇಮಿನ ಮರವನ್ನು ಮುಂದೆ ಮಾಡುತ್ತಿದ್ದರು, ಮರಕ್ಕೆ ಹಚ್ಚಮ್ಮ ತಾಯಿ, ಫಿಲ್ಮು ಮುಟ್ಟಬ್ಯಾಡ, ಅನ್ನುತ್ತಿದ್ದರು, ಏಕೆಂದರೆ ಫಿಲ್ಮಿನಲ್ಲಿ ಎಲ್ಲಿ ಬೆಳಕು ದಾಟುವುದಿಲ್ಲವೋ ಅಲ್ಲಿ ಸ್ಕ್ರೀನಿನ ಮೇಲಿನ ಲೇಪ ಗಟ್ಟಿಯಾಗುವುದಿಲ್ಲ, ನೀರು ಬಿಟ್ಟರೆ ಅಷ್ಟು ಜಾಗ ತೊಳೆದುಹೋಗುತ್ತದೆ, ಆಮೇಲೆ ಇಂಕು ಇಳಿಯುವುದು ಅಲ್ಲಿಂದಲೇ, ಅಕ್ಷರ ಮೂಡುವುದೇ ಹಾಗೆ, ಅರಿಶಿನವೂ ಆ ಬೆಳಕನ್ನು ಬಿಡುವುದಿಲ್ಲ, ದಪ್ಪಗೆ ಮೆತ್ತಿದರೆ ಅದೂ ಅಕ್ಷರದ ಹಾಗೆ ಅಚ್ಚಾಗುತ್ತದೆ. ಅಮೃತಳಿಗೆ ಇದೆಲ್ಲ ಗೊತ್ತಿತ್ತು, ಶಾಲೆ ಬಿಟ್ಟ ಮೇಲೆ ಇಲ್ಲೇ ಕೂತು ಉಗುರಿಗೆ ಇಂಕು ಬಳಿದುಕೊಂಡು ಬೆಳೆದವಳು, ಗೊತ್ತಿದ್ದೂ — ಅವಳಮ್ಮ ಶ್ಯಾಮಲಮ್ಮ ಬಟ್ಟಲು ಹಿಡಿದಿದ್ದಾಳೆ, ಇವಳು ಹೆಬ್ಬೆರಳು ಅದ್ದುತ್ತಾಳೆ, ನನ್ನ ಕಡೆ ತಿರುಗುತ್ತಾಳೆ, ಅಪ್ಪಾ ಅಳ್ತಾ ಇದ್ದೀಯಾ ಅನ್ನುತ್ತಾಳೆ, ಇಲ್ಲ ಕಣಮ್ಮ ಥಿನ್ನರ್ ಘಾಟು ಅನ್ನುತ್ತೇನೆ, ಸುಳ್ಳು ಸುಳ್ಳು ಅನ್ನುತ್ತಾ ನನ್ನ ಮುಖ ನೋಡಿಕೊಂಡೇ ಹೆಬ್ಬೆರಳನ್ನು ಒತ್ತಿದಳು, ಮರದ ಮೇಲಲ್ಲ, ಫಿಲ್ಮಿನ ಮೂಲೆಗೆ. ಅಯ್ಯೋ ಅಪ್ಪಾ, ಫಿಲ್ಮಿಗೇ ಒತ್ತಿಬಿಟ್ನಲ್ಲ. ನಾನು ಒದ್ದೆ ಬಟ್ಟೆ ತೆಗೆದುಕೊಂಡೆ, ಶ್ಯಾಮಲಮ್ಮ ಕೈ ಹಿಡಿದುಕೊಂಡಳು, ಮದ್ವಣಗಿತ್ತಿ ಹಚ್ಚಿದ ಅರಿಶಿನ ಒರಸ್ತಾರೇನ್ರೀ, ಬಾಯಿಬಿಟ್ಟು ಹೇಳ್ಬೇಕಾ, ಅಂದಳು, ಅದೂ ನಿಜ, ಯಾವ ಅಪ್ಪ ಒರೆಸುತ್ತಾನೆ, ವೆಂಕಟರಾಮಪ್ಪನವರು ಕನ್ನಡಕ ಮೇಲೆತ್ತಿ ನೋಡಿ ನಕ್ಕರು, ಇರ್ಲಿ ಬಿಡೋ ಗಂಗ, ಮಗು ಸಹಿ ಹಾಕವ್ಳೆ, ಅಂದರು. ಹಾಗೇ ಗಾಜಿನ ಮೇಲಿಟ್ಟು ಬೆಳಕು ಹಾಕಿದೆ.

ಚೀಲಗಳೆಲ್ಲದರ ಮೂಲೆಯಲ್ಲೂ ಅಕ್ಷರದ ಹಾಗೇ ಕುಂಕುಮದ ಬಣ್ಣದ ಒಂದು ಮಚ್ಚೆ ಬಂತು, ಬೀಗರ ಕಡೆಯ ಯಾರೋ ಇದೇನ್ರೀ ಕಲೆ, ಅಗ್ಗದ ಕೆಲಸನಾ ಅಂದರು, ಮೋಹನ್‌ಬಾಬು ಮಾತ್ರ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ಅಳತೆ ನೋಡುತ್ತಿದ್ದ, ಒಳ್ಳೆಯ ಹುಡುಗ, ಈಗ ಬೇರೆ ಮದುವೆಯಾಗಿದ್ದಾನೆ, ಆಗಲಿ, ಚಿಕ್ಕ ವಯಸ್ಸು, ಎಷ್ಟು ದಿನ ಒಬ್ಬನೇ ಇದ್ದಾನು, ತಪ್ಪೇನಿಲ್ಲ ಎಂದು ಎಲ್ಲರಿಗೂ ನಾನೇ ಹೇಳಿದ್ದೇನೆ, ಹೇಳಿ ಬಂದು ಎರಡು ದಿನ ಊಟ ಬಿಟ್ಟಿದ್ದೇನೆ. ಅಮೃತಳಿಗೆ ಡೆಂಗ್ಯೂ. ಜ್ವರ ಕಣಪ್ಪ, ಬರೀ ಜ್ವರ, ನೀವ್ಯಾಕೆ ಅಷ್ಟು ದೂರದಿಂದ ಬರ್ತೀರಾ, ಅಂತ ಫೋನಿನಲ್ಲಿ ಅಂದಳು, ಗೌರಿಬಿದನೂರಿನಲ್ಲಿ ಗ್ಲೂಕೋಸ್ ಬಾಟಲಿ ಹಾಕಿದರು, ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಅಂದರು, ಅಲ್ಲಿಂದ ಬೆಂಗಳೂರಿಗೆ ಅಂದರು, ದೇವನಹಳ್ಳಿ ದಾಟುವಾಗ ಅವಳ ಕೈ ನನ್ನ ಕೈಯಲ್ಲಿತ್ತು, ಹಿಡಿತ ಸಡಿಲವಾಯಿತು, ನಿದ್ದೆ ಹತ್ತಿತು ಅಂದುಕೊಂಡೆ, ನಿದ್ದೆ ಅಂದುಕೊಂಡು ಸುಮ್ಮನೆ ಕೂತಿದ್ದೆನಲ್ಲ — ಬೇಡ, ಅದು ಬೇಡ. ಮನೆಯಲ್ಲಿ ಫೋಟೋ ಇದೆ, ಹಾರ ಹಾಕಿದೆ, ನಾನು ಅದರ ಕಡೆ ನೋಡುವುದಿಲ್ಲ, ಫೋಟೋದಲ್ಲಿ ಇರುವುದು ಫೋಟೋದವನು ನಗು ಅಂದಾಗ ನಕ್ಕ ಹುಡುಗಿ, ನನ್ನ ಅಮೃತ ಅಲ್ಲ, ಶ್ಯಾಮಲಮ್ಮ ಒಂದು ಚೀಲವನ್ನು ಬೀರುವಿನಲ್ಲಿ ಮಡಿಸಿಟ್ಟಿದ್ದಾಳೆ, ಆದರೆ ಚೀಲದಲ್ಲಿ ಅದು ಬರೀ ಮಚ್ಚೆ, ಒರಟು ಬಟ್ಟೆಯಲ್ಲಿ ಬೆರಳಿನ ಗೆರೆ ನಿಲ್ಲುವುದಿಲ್ಲ, ಯಾರ ಬೆರಳಾದರೂ ಆಗಬಹುದು. ಗೆರೆ ಇರುವುದು ಫಿಲ್ಮಿನಲ್ಲಿ. ದಿನಾ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಕೆಳಗಿನ ಖಾನೆಯಿಂದ ತೆಗೆಯುತ್ತೇನೆ, ಅಡಿಯಿಂದ ಟ್ಯೂಬ್‌ಲೈಟು ಉರಿಯುವ ಗಾಜಿನ ಮೇಜಿನ ಮೇಲೆ ಹರಡುತ್ತೇನೆ, ಹಳದಿ ಹೆಬ್ಬೆಟ್ಟು, ನಡುವೆ ಸುಳಿ, ಸುಳಿಯ ಸುತ್ತ ಗೆರೆ, ಪಕ್ಕದಲ್ಲಿ ಎಂದೋ ಸೌತೆಕಾಯಿ ಹೆಚ್ಚುವಾಗ ಕೊಯ್ದುಕೊಂಡ ಗಾಯದ ಸಣ್ಣ ಅಡ್ಡಗೀಟು, ಅದು ಅವಳ ಗುರುತಲ್ಲ, ಅವಳೇ, ಒಂದು ಕ್ಷಣದ ಹಿಂದೆ ಒತ್ತಿ ಕೈ ಎತ್ತಿದ್ದಾಳೆ ಅಷ್ಟೆ, ಪಕ್ಕದಲ್ಲೇ ನಿಂತಿದ್ದಾಳೆ, ನಾನು ತಲೆಯೆತ್ತದಿದ್ದರೆ ನಿಂತೇ ಇರುತ್ತಾಳೆ. ತಲೆಯೆತ್ತದೆ ಬುತ್ತಿ ಉಣ್ಣುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ, ಹಬ್ಬದ ರಜೆಯಲ್ಲೂ ಏನೋ ನೆವ ಹೇಳಿ ಬೀಗದಕೈ ಇಸಿದುಕೊಂಡು ಬಂದಿದ್ದೇನೆ, ಶ್ಯಾಮಲಮ್ಮನಿಗೂ ಹೇಳಿಲ್ಲ, ಹೇಳಿದರೆ ಅವಳೂ ಬರುತ್ತಾಳೆ, ಅವಳು ಅತ್ತರೆ ನಾನು ಏನು ಮಾಡಲಿ.

ಸದ್ದು ನಿಂತಿತು, ನಡುವಿನ ಖಾನೆ ಖಾಲಿ ಮಾಡಿದನೇನೋ, ಈಗ ಬಗ್ಗುತ್ತಾನೆ — ಹೇಗೆ ಹೋದೆನೋ ಗೊತ್ತಿಲ್ಲ, ಅವನ ಕೈ ಸರಿಸಿ ಕಟ್ಟಿನ ಒಳಗೆ ಕೈ ಹಾಕಿದ್ದೇನೆ, ಏಮಣ್ಣಾ, ಏಮಿ ಕಾವಾಲ, ಏನು ಬೇಕೆಂದು ತೆಲುಗಿನಲ್ಲಿ ಕೇಳುತ್ತಿದ್ದಾನೆ ಬೆಳ್ಳಿಯವನು, ಏಮೀ ಲೇದಪ್ಪ, ನಾದೇ ಒಕಟಿ ಉಂದಿ, ನನ್ನದೇ ಒಂದಿದೆ, ಅನ್ನುತ್ತಿದ್ದೇನೆ, ಕೈಗೆ ಗೊತ್ತು, ಹಳೇ ಪೇಪರಿನ ಹೊದಿಕೆ, ಸಿಕ್ಕಿತು, ಎದೆಗೆ ಒತ್ತಿಕೊಂಡು ಎದ್ದರೆ ಬಾಗಿಲಲ್ಲಿ ರಮೇಶ್‌ಬಾಬು. ಏನಣ್ಣ ಅದು. ಹೇಳಿಬಿಟ್ಟೆ, ಅಷ್ಟು ವರ್ಷ ಹೇಳದ್ದು ನಾಲ್ಕೇ ಮಾತಿನಲ್ಲಿ ಮುಗಿದುಹೋಯಿತು, ನಮ್ಮ ಅಮೃತನ್ದು, ಹೆಬ್ಬೆಟ್ಟೈತೆ ಇದ್ರಾಗೆ, ಅಂದೆ. ಅವನು ಕನ್ನಡಕ ತೆಗೆದ, ಒರೆಸಿದ, ಮೊದ್ಲೇ ಹೇಳ್ಬಾರ್ದೇನಣ್ಣ, ನಾನೇನು ಹೊರಗಿನೋನಾ, ಅಂದ, ಭುಜದ ಮೇಲೆ ಕೈಯಿಟ್ಟು ಕರೆದುಕೊಂಡು ಬಂದ, ಕವಿತಮ್ಮ, ಇದನ್ನ ಸ್ಕ್ಯಾನ್ ಮಾಡಿ ಇಟ್ಬಿಡಮ್ಮ, ಫೈಲ್ ಆಗ್ಬಿಟ್ರೆ ಯಾವತ್ತಿಗೂ ಹೋಗಲ್ಲಣ್ಣ, ಎಷ್ಟು ದೊಡ್ಡದು ಬೇಕಾದ್ರೂ ಹೊಡಿಬೋದು, ಫಿಲ್ಮು ಹರಿದೋದ್ರೂ ಹೆದರ್ಬೇಕಾಗಿಲ್ಲ. ಎಷ್ಟು ದೊಡ್ಡದು ಬೇಕಾದರೂ — ಒಳ್ಳೆಯ ಬಿಳಿ ಬಟ್ಟೆ ತರುತ್ತೇನೆ, ನುಣುಪಾದದ್ದು, ಅಂಗೈಯಷ್ಟು ದೊಡ್ಡದಾಗಿ ಅವಳ ಹೆಬ್ಬೆಟ್ಟು, ಪ್ರತಿ ಗೆರೆ, ಆ ಗಾಯದ ಗೀಟು, ಹಳದಿ ಇಂಕಿನಲ್ಲಿ ನಾನೇ ಅಚ್ಚು ಹೊಡೆಯುತ್ತೇನೆ, ಶ್ಯಾಮಲಮ್ಮನ ಮಡಿಲಿಗೆ ಹಾಕುತ್ತೇನೆ, ನೋಡೇ ನಿನ್ನ ಮಗಳು ಅನ್ನುತ್ತೇನೆ, ಇಬ್ಬರೂ ಒಟ್ಟಿಗೆ ಅಳುತ್ತೇವೆ, ಅಳೋಣ, ಏನಂತೆ, ಈ ಮೆಷಿನ್ನನ್ನು ಬೆಳಗಿನಿಂದ ಮನಸ್ಸಿನಲ್ಲೇ ಬೈದೆನಲ್ಲ, ಪಾಪ, ಅದೇನು ಮಾಡಿತ್ತು ನನಗೆ. ಕವಿತ ಸ್ಕ್ಯಾನರಿನ ಗಾಜನ್ನು ತನ್ನ ದುಪಟ್ಟಾದಿಂದ ಒರೆಸಿ ಫಿಲ್ಮನ್ನು ಇಟ್ಟಳು.

ಪರದೆಯ ಮೇಲೆ ಬಂತು, ಅಮೃತ, ಮೋಹನ್‌ಬಾಬು, ಕಪ್ಪಗೆ, ನಿನ್ನೆ ಬರೆದ ಹಾಗೆ, ಯಾವ ಮೂಲೆ ಅಂಕಲ್, ಬಲಗಡೆ ಕೆಳಗೆ ನೋಡಮ್ಮ, ಬಾಣದ ಗುರುತು ಜಾರಿಕೊಂಡು ಮೂಲೆಗೆ ಹೋಯಿತು, ದೊಡ್ಡದು ಮಾಡಿದಳು, ಇಲ್ಲೇನಿಲ್ವಲ್ಲ ಅಂಕಲ್, ಮಗುಚಿ ಇಟ್ಟಿದ್ದೀಯೇನೋ, ಎಡಗಡೆ ನೋಡು, ಎಡಗಡೆಯೂ ಇಲ್ಲ, ಬಣ್ಣ ಏರಿಸಿದಳು, ಅಕ್ಷರ ಇನ್ನೂ ಕಪ್ಪಾಯಿತು, ಮೂಲೆ ಇನ್ನೂ ಬೆಳ್ಳಗಾಯಿತು, ಮೆಷಿನ್ನಿಗೆ ಅರಿಶಿನ ಕಾಣಿಸೋದಿಲ್ವೇನೋ ಕಣಮ್ಮ, ಕೈಯಲ್ಲಿ ಹಿಡಿದು ನೋಡು, ಅವಳು ಫಿಲ್ಮನ್ನು ಕಿಟಕಿಗೆ ಹಿಡಿದಳು, ಅಗೋ, ಅಲ್ಲೇ ಇದೆಯಲ್ಲ, ಸುಳಿ, ಗೆರೆ, ಗೀಟು — ಎಲ್ಲಿ ಅಂಕಲ್, ಅನ್ನುತ್ತಾ ತನ್ನ ಉಗುರನ್ನು ಸರಿಯಾಗಿ ಅಲ್ಲೇ ಇಟ್ಟಳು, ಉಗುರಿನ ಆಚೆ ರಸ್ತೆ ಕಂಡಿತು, ಆಟೋ ಕಂಡಿತು, ತಿಳಿ ಗಾಜಿನಲ್ಲಿ ಕಂಡ ಹಾಗೆ. ಅರಿಶಿನದ ಕಲೆಗೆ ಸೋಪು ಯಾಕ್ರೀ, ಬಿಸಿಲಿಗೆ ಹಾಕಿ, ಬೆಳಕಿಗೆ ತಾನೇ ಹೋಗ್ತದೆ — ಶ್ಯಾಮಲಮ್ಮ ಪ್ರತಿ ಹಬ್ಬದ ಮಾರನೇ ದಿನ ನನ್ನ ಪಂಚೆಯನ್ನು ಮಹಡಿಯ ಮೇಲೆ ಹರವುತ್ತಾ ಹೇಳುವ ಮಾತು, ಯಾರಿಗೆ ಗೊತ್ತಿಲ್ಲ ಅದು, ನಾನು ದಿನಾ ಮಧ್ಯಾಹ್ನ ಟ್ಯೂಬ್‌ಲೈಟಿನ ಮೇಲೆ ಹರಡಿ, ಪ್ರೀತಿಯಿಂದ, ದಿನಾ ಅಷ್ಟಷ್ಟು, ಯಾವಾಗ ಹೋಯಿತು, ಹೋದ ವರ್ಷವೇ, ಅದಕ್ಕೂ ಮೊದಲೇ, ನಿನ್ನೆ ಮಧ್ಯಾಹ್ನ ನಾನು ನೋಡಿದ್ದು ಏನನ್ನು, ಯಾರ ಪಕ್ಕದಲ್ಲಿ ಕೂತು ಉಂಡೆ, ರಮೇಶ್‌ಬಾಬು ಏನೋ ಹೇಳುತ್ತಿದ್ದಾನೆ, ಕೇಳುತ್ತಿಲ್ಲ, ಪಾಪದ ಹುಡುಗಿ ಬಿಡುತ್ತಿಲ್ಲ, ಇನ್ನೊಂದು ಸಲ ನೋಡ್ತೀನಿ ಇರಿ ಅಂಕಲ್, ಮತ್ತೆ ದೊಡ್ಡದು ಮಾಡುತ್ತಾಳೆ, ಅಕ್ಷರಗಳು ಪರದೆಯಿಂದ ಆಚೆ ಹೋದವು, ಅಮೃತ ಅನ್ನುವುದೂ ಹೋಯಿತು, ಬಿಳಿ, ಬಿಳಿಯ ನಡುವೆ ಆ ಬಾಣ, ಇಲ್ಲಾ ಅಂಕಲ್, ಇಲ್ಲಾ, ಇನ್ನೂ ದೊಡ್ಡದು, ಬಿಳಿ, ಬಾಣ ಅತ್ತ ಹೋಗುತ್ತದೆ, ಇತ್ತ ಬರುತ್ತದೆ, ತಡಕುತ್ತದೆ, ನಿಲ್ಲುತ್ತದೆ, ಎಲ್ಲಿ ಅಂಕಲ್, ಬಿಳಿ, ಬಾಣ, ಬಿಳಿ —