ಎರವಲು ಸೂಕ್ಷ್ಮದರ್ಶಕ

ಬೆಟಗೇರಿಯ ನಮ್ಮ ಸರ್ಕಾರಿ ಶಾಲೆಗೆ ಸೂಕ್ಷ್ಮದರ್ಶಕ ಬಂದದ್ದು ಮುಂಜಾನೆ ಹತ್ತಕ್ಕೆ, ಹೋಗಬೇಕಾದದ್ದು ಹನ್ನೊಂದಕ್ಕೆ. ತಪಾಸಣೆಯ ದಿನ ಗದಗಿನ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಿಂದ ಅದು ಎರವಲು ಬರುತ್ತದೆ. ತಪಾಸಣೆಗೆ ಬರುವ ಸಾಹೇಬರಿಗಿಂತ ಒಂದು ಹೆಜ್ಜೆ ಮುಂದೆ, ನನ್ನ ಅಪ್ಪ, ಅಂದರೆ ಅಬ್ಬಾನ ಆಟೋದಲ್ಲಿ, ಶಾಲೆಯಿಂದ ಶಾಲೆಗೆ ಓಡುತ್ತದೆ. ಆ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಇಂಥವು ಇಪ್ಪತ್ತು. ನಮಗೆ ಒಂದು, ಒಂದು ತಾಸು, ಅದೂ ಮುಟ್ಟುವಂತಿಲ್ಲ.

ನನ್ನ ಗೆಳತಿ ವನಿತಾ ಈರುಳ್ಳಿಯ, ಅಂದರೆ ನಮ್ಮ ಉಳ್ಳಾಗಡ್ಡಿಯ, ಪೊರೆಯ ಜೀವಕೋಶದ ಚಿತ್ರವನ್ನು ನಲವತ್ತು ಸಲ ಬರೆದಿದ್ದಾಳೆ, ಒಂದು ಸಲವೂ ಕಂಡಿಲ್ಲ. ಮುಂದಿನ ವಾರ ಹತ್ತನೆಯ ತರಗತಿಯ ಪರೀಕ್ಷೆ.

"ಒಮ್ಮೆ ನೋಡ್ಲೇನ್ರಿ ಸರ?"

"ಕೈ ಹಚ್ಚೀಯವ್ವಾ, ಮಂದಿ ಸಾಮಾನು. ಬಾಜೂಕ ನಿಂತು ನಗು," ಎಂದರು ಹೆಡ್‌ಮಾಸ್ತರ್ ಮುತ್ತಣ್ಣ ಸರ್.

ನಕ್ಕೆವು. ಸಾಹೇಬರು ಹಾಳೆಯಲ್ಲಿ 'ಸೂಕ್ಷ್ಮದರ್ಶಕ' ಎಂಬುದರ ಮುಂದೆ 'ಇದೆ' ಎಂದು ಬರೆದು ಚಹಾಕ್ಕೆ ಕುಳಿತರು.

ಆಟೋ ತಗ್ಗುಗಳಲ್ಲಿ ಹಾರುತ್ತದೆಂದು ಸರ್ ಸೂಕ್ಷ್ಮದರ್ಶಕದ ಡಬ್ಬಿಯನ್ನು ನಮ್ಮಿಬ್ಬರ ತೊಡೆಯ ಮೇಲಿಟ್ಟು ಮುಂದಿನ ಶಾಲೆಗೆ ಕಳಿಸಿದರು. ಅದೇ ಅವರು ಮಾಡಿದ ತಪ್ಪು.

ನೇಕಾರರ ಓಣಿಯಲ್ಲಿ ವನಿತಾ ಅಬ್ಬಾನನ್ನು ಕೇಳಿದಳು: "ಶಫೀಕ ಕಾಕಾ, ನಿಮ್ಮ ಬುತ್ತ್ಯಾಗ ಉಳ್ಳಾಗಡ್ಡಿ ಐತೇನ್ರಿ?"

"ರೊಟ್ಟಿ ಜೋಡಿ ಒಂದು ಐತಿ. ಹಸಿವೇನವ್ವಾ?"

"ನನಗಲ್ರಿ, ಇದಕ್ಕ." ಡಬ್ಬಿ ತಟ್ಟಿದಳು.

ಅಬ್ಬಾ ನಗುತ್ತಲೇ ಆಟೋ ನಿಲ್ಲಿಸಿದರು. ವನಿತಾ ಸೂಕ್ಷ್ಮದರ್ಶಕ ಹೊರತೆಗೆದು, ಉಳ್ಳಾಗಡ್ಡಿಯ ತೆಳ್ಳನೆಯ ಪೊರೆ ಸುಲಿದು ಗಾಜಿನ ಪಟ್ಟಿಯ ಮೇಲಿಟ್ಟು, ಕೆಳಗಿನ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ ಕಣ್ಣಿಟ್ಟಳು. ಆಮೇಲೆ ಮೈ ಕುಲುಕಿ ಕುಲುಕಿ ನಗತೊಡಗಿದಳು.

"ಕೈನಾತ, ಪುಸ್ತಕದಾಗಿಂದು ಖರೇನ ಐತಿ ಲೇ," ಎಂದಳು ನನಗೆ.

ಮಗ್ಗ ಬಿಟ್ಟು ಬಂದ ಶಂಕ್ರೆವ್ವಜ್ಜಿ ಇಣುಕಿದಳು. "ದಿನಾ ಹೆಚ್ಚತೀನಿ. ಇದರೊಳಗ ಇಷ್ಟು ಮನಿ ಅದಾವಂತ ಒಬ್ಬರೂ ಹೇಳಲಿಲ್ಲ ನೋಡು."

ಕಾಯಿಪಲ್ಯದವಳು ಬಂದಳು, ಪಂಕ್ಚರ್ ಅಂಗಡಿಯವನು ಬಂದ, ನೋಡುವವರ ಪಾಳಿ ಸಾಲಾಗಿ ಓಣಿಯ ತಿರುವಿನವರೆಗೆ ಬೆಳೆಯಿತು. ಆ ತಿರುವಿನಲ್ಲೇ ಸಾಹೇಬರ ಜೀಪು ಸಿಕ್ಕಿಕೊಂಡಿತು.

ಇಳಿದು ಬಂದು ಕೇಳಿದರು: "ಇದನ್ನು ಈಗಷ್ಟೇ ನಿಮ್ಮ ಶಾಲೆಯಲ್ಲಿ ನೋಡಿದೆನಲ್ಲ?"

"ನೀವು ನೋಡಿದ್ರಿ. ನಾವು ಈಗ ನೋಡಾಕತ್ತೀವ್ರಿ," ಎಂದಳು ವನಿತಾ. "ನೀವು ಹೊಂಟ ಶಾಲಿಗೂ ಇದ ಹೊಂಟೈತ್ರಿ. ಅಲ್ಲೂ 'ಇದೆ' ಅಂತ ಬರಕೊಳ್ರಿ."

ಇಡೀ ಓಣಿ ನೋಡುತ್ತಿತ್ತು. ಸಾಹೇಬರು ಪೆನ್ನು ತೆಗೆದು 'ಇದೆ'ಯನ್ನು ಹೊಡೆದು ಹಾಕಿ 'ಇಲ್ಲ' ಎಂದು ಬರೆದರು. ಆಮೇಲೆ ತಾವೂ ನೋಡುವ ಆಸೆ ತಡೆಯಲಾಗದೆ ಸೂಕ್ಷ್ಮದರ್ಶಕದತ್ತ ಮೆಲ್ಲಗೆ ಬಾಗಿದರು.

ಶಂಕ್ರೆವ್ವಜ್ಜಿ ಅಡ್ಡ ಕೈಯಿಟ್ಟಳು.

"ಪಾಳಿ ಅಲ್ಲಿ ಹಿಂದ ಐತ್ರಿ, ಸಾಹೇಬ್ರ."