ರಾಣಿಹುಳಕ್ಕೊಂದು ಕ್ಯಾಮೆರಾ

ಜೇನು ಸಾಕುವವಳ ಗಂಡನಿಗೆ ಒಂದೇ ಒಂದು ಹುಳ ಕಚ್ಚಿದರೂ ಮುಖ ಊದಿ ಕುಂಬಳಕಾಯಿಯಾಗುತ್ತಿತ್ತು. ಹಾಗಾಗಿ ಮದುವೆಯಾದಂದಿನಿಂದ ಅವನು ಹಿತ್ತಲಿನ ಜೇನುಪೆಟ್ಟಿಗೆಗಳ ಹತ್ತಿರ ಸುಳಿದವನಲ್ಲ. ಮುಚ್ಚಳ ತೆಗೆದಾಗ ಜೇನುಗೂಡಿನ ಎರಿಯ ಮೇಲೆ ರಾಣಿಹುಳ ನಡೆದು ಬರುವ ಠೀವಿ, ಉಳಿದವು ಸರಿದು ದಾರಿ ಬಿಡುವ ಬಗೆ, ಇದನ್ನೆಲ್ಲ ಅವಳು ಎಷ್ಟು ಬಣ್ಣಿಸಿದರೂ ಅವನ ಕಿವಿಯ ಮೇಲಿಂದ ಹಾದುಹೋಗುತ್ತಿತ್ತು. ಒಂದು ಸಲ ಕಣ್ಣಾರೆ ನೋಡಲಿ ಎಂದೇ ಅವಳು ಕ್ಯಾಮೆರಾ ಕೊಳ್ಳಲು ಹಟ ಹಿಡಿದದ್ದು.

ಅಂಗಡಿಯವನೋ, ಕೊಳ್ಳುವವಳನ್ನು ಬಿಟ್ಟು ಗಂಡನ ಮುಂದೆ ಮೆಗಾಪಿಕ್ಸೆಲ್ಲು, ಸೆನ್ಸರು ಎಂದು ಪುರಾಣ ಬಿಚ್ಚಿದ. ಗಂಡ ಎಲ್ಲ ಬಲ್ಲವನಂತೆ ತಲೆದೂಗಿ, ಉದ್ದ ಮೂತಿಯದೊಂದನ್ನು ಎತ್ತಿಕೊಂಡು ಬಾಗಿಲಿಗೆ ಹೋದ.

"ನೋಡೇ ಇಲ್ಲಿ! ಆ ನೀರಿನ ಟ್ಯಾಂಕಿನ ಮೇಲಿರೋ ಕಾಗೆ ಕೊಕ್ಕು ಕಾಣ್ತಿದೆ!"

"ನಾನೇನು ಕಾಗೆ ಸಾಕಿದ್ದೀನಾ ರೀ?"

"ಹಿತ್ತಲ ಜಗಲಿ ಮೇಲೆ ಕೂತ್ಕೊಂಡೇ ತೆಗೀಬಹುದಲ್ಲ ಅಂತ."

"ಜಗಲಿಯಿಂದ ಪೆಟ್ಟಿಗೆ ಮುಚ್ಚಳದ ಫೋಟೋ ಬರುತ್ತೆ, ಅಷ್ಟೇ."

ಅವಳು ಅದನ್ನು ಕಿತ್ತುಕೊಂಡು ಅಂಗಡಿಯವನ ಕೈಗಡಿಯಾರಕ್ಕೆ ಗೇಣುದೂರದಲ್ಲಿ ಹಿಡಿದಳು. ಬರೀ ಮಂಜು.

"ಅಷ್ಟು ಹತ್ತಿರಕ್ಕೆ ಬೇರೆ ಲೆನ್ಸ್ ಬೇಕು ಅಕ್ಕಾ."

"ಇಷ್ಟು ಹೊತ್ತು ಕೊರೆದ್ರಲ್ಲ, ಇದನ್ನ ಮೊದಲೇ ಹೇಳಬಾರ್ದಿತ್ತಾ?"

ಅವನು ದೊಡ್ಡದೊಂದು, ಚಿಕ್ಕದೊಂದು ಕ್ಯಾಮೆರಾ ತಂದಿಟ್ಟ. ಅವಳು ಚೀಲದಿಂದ ದಪ್ಪ ಕೈಗವಸು ತೆಗೆದು ಬಲಗೈಗೆ ಏರಿಸಿದಳು. ಎಡಗೈ ಎರಿ ಹಿಡಿಯಬೇಕು. ಆದ್ದರಿಂದ ಕ್ಯಾಮೆರಾಕ್ಕೆ ಉಳಿಯುವುದು ಇದೊಂದೇ ಕೈ. ದೊಡ್ಡದು ಭಾರಕ್ಕೆ ಮಣಿಕಟ್ಟು ಬಾಗಿಸಿತು. ಚಿಕ್ಕದರಲ್ಲಿ ಗವಸಿನ ಒಂದು ಬೆರಳಿಗೆ ಮೂರು ಗುಂಡಿ ಒಟ್ಟಿಗೇ ಅದುಮಿಹೋಗಿ, ಪರದೆಯ ಮೇಲೆ ಏನೇನೋ ಪಟ್ಟಿ ಕುಣಿಯತೊಡಗಿತು.

"ತೆಗಿಯೇ ಅದನ್ನ, ಎಲ್ಲಾ ನೋಡ್ತಿದಾರೆ," ಎಂದು ಗಂಡ ಪಿಸುಗುಟ್ಟಿದ.

"ನೋಡ್ಲಿ. ಕಚ್ಚಿಸ್ಕೊಳ್ಳೋದು ಅವರಲ್ಲ."

ಆದರೆ ಗಡಿಯಾರದ ಮುಳ್ಳು ಸ್ಪಷ್ಟವಾಗಿ ಕಂಡದ್ದು ಆ ಚಿಕ್ಕದರಲ್ಲೇ. ಬೇರೆ ದಾರಿಯಿಲ್ಲದೆ, ಬಾಯಲ್ಲೇ ಬೈದುಕೊಳ್ಳುತ್ತ ಅದನ್ನೇ ಕಟ್ಟಿಸಿಕೊಂಡು ಬಂದಳು.

ಮರುದಿನ ಬಿಸಿಲೇರಿದ ಮೇಲೆ ಬಲಗೈಗೆ ಗವಸಿಲ್ಲದೆಯೇ ಪೆಟ್ಟಿಗೆ ತೆರೆದಳು. ರಾಣಿ ಕಾಣಿಸಿದ ಗಳಿಗೆಯಲ್ಲೇ ಹೆಬ್ಬೆರಳಿಗೆ ಕೊಂಡಿ ಇಳಿಯಿತು. ಹಲ್ಲುಕಚ್ಚಿ ಗುಂಡಿ ಒತ್ತಿದಳು.

ಜಗಲಿಯಲ್ಲಿ ಗಂಡ ಕನ್ನಡಕ ಏರಿಸಿ, ಪರದೆಯನ್ನು ಆಚೆ ಈಚೆ ವಾಲಿಸಿ ನೋಡಿದ. "ಅಬ್ಬಬ್ಬಾ, ಎಷ್ಟೊಂದು! ಇದರಲ್ಲಿ ರಾಣಿ ಎಲ್ಲಿ?"

"ನಡುವೆ ನೋಡಿ, ಉದ್ದ ಹೊಟ್ಟೆಯದು."

"ಎಲ್ಲಾ ಒಂದೇ ಥರ ಇವೆಯಲ್ಲೇ."

ಅವಳೇ ನೋಡಿದಳು. ಹಲ್ಲುಕಚ್ಚಿದ ಆ ಚೂರು ಹೊತ್ತಿನಲ್ಲೇ ರಾಣಿ ಚೌಕಟ್ಟಿನ ಅಂಚಿನಾಚೆ ಸರಿದಿತ್ತು. ಉಳಿದದ್ದು ಹೊಟ್ಟೆಯ ತುದಿ ಮಾತ್ರ.

"ಹೋಗಿ ಇನ್ನೊಂದು ತೆಗೆದುಕೊಂಡು ಬಾರೇ," ಎಂದ ಅವನು, ಪರದೆಯಿಂದ ಕಣ್ಣು ಕೀಳದೆ.

"ಇವತ್ತು ಮತ್ತೆ ಮುಚ್ಚಳ ಎತ್ತಿದ್ರೆ ಬೀದಿಯವರನ್ನೆಲ್ಲ ಅಟ್ಟಿಸ್ಕೊಂಡು ಹೋಗ್ತವೆ. ಇನ್ನು ಬರೋ ವಾರವೇ."

"ಅಯ್ಯೋ, ಬರೋ ವಾರವಾ? ಅಲ್ಲೀವರೆಗೂ ಕಾಯ್ಬೇಕಾ?"

"ಇಷ್ಟು ವರ್ಷ ಇಲ್ಲದ ಅವಸರ ಈಗೆಲ್ಲಿಂದ ಬಂತು ನಿಮಗೆ?" ಎಂದು ರೇಗಿದ ಅವಳು, ಊದಿದ ಹೆಬ್ಬೆರಳನ್ನು ತಣ್ಣೀರಿಗೆ ಅದ್ದಲು ಒಳಗೆ ಹೋದಳು.