ದೇವರ ಗಡಿಗೆ

ಚಮಚ ಮೂರನೆಯ ಸಲ ಗಡಿಗೆಯ ಅಂಚಿಗೆ ತಗುಲಿ ಟಣ್ ಎಂದಿತು. ನಾಲ್ಕನೆಯದಕ್ಕಾಗಿ ಬುನ್ರೆ ಹಾಸಿಗೆಯಲ್ಲೇ ಕಿವಿ ನಿಮಿರಿಸಿದಳು. ಕಾಗದದ ಜಾರುಬಾಗಿಲಿನ ಆಚೆ ನಲ್ಲಿ ಬಿಟ್ಟ ಸದ್ದಾಯಿತು. ಸೊಸೆ ಅಕ್ಕಿ ತೊಳೆಯತೊಡಗಿದ್ದಳು. ಇವತ್ತೂ ಇಲ್ಲ.

ಅನ್ನಕ್ಕಿಡುವ ಮೊದಲು ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಚಮಚ ಅಕ್ಕಿಯನ್ನು ದೇವರ ಗಡಿಗೆಗೆ ಹಾಕಿ, ಮನಸ್ಸಿನಲ್ಲೇ ಅವರಿಗಾಗಿ ಪ್ರಾರ್ಥಿಸಬೇಕು. ಭಾನುವಾರ ಆ ಅಕ್ಕಿ ಚರ್ಚಿಗೆ. ಮದುವೆಯಾಗಿ ಯೋಸು ಎಂಬ ಊರಿನ ಈ ಕಡಲದಂಡೆಗೆ ಬಂದಾಗಿನಿಂದ ಆ ಚಮಚ ಬುನ್ರೆಯ ಕೈಯಲ್ಲಿತ್ತು. ಹೋದ ಚಳಿಗಾಲ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅದು ಸೊಸೆ ಮಿಹ್ಯಾಂಗಳ ಪಾಲಿಗೆ ಬಂತು. ಮನೆಯಲ್ಲಿ ಈಗ ನಾಲ್ಕು ಜನ: ಮಗ, ಸೊಸೆ, ಮೊಮ್ಮಗಳು ದಾಯುನ್, ತಾನು. ಬೀಳುವುದು ಮೂರೇ ಚಮಚ. ತಪ್ಪಿದ್ದು ಯಾರದೆಂದು ಬುನ್ರೆ ಬಹಳ ಯೋಚಿಸಲಿಲ್ಲ. ಬಟ್ಟೆ ಒಗೆಯುತ್ತಾಳೆ, ತಲೆ ಬಾಚುತ್ತಾಳೆ, ದೇವರ ಮುಂದೆ ಮಾತ್ರ ತನ್ನ ಹೆಸರೆತ್ತುವುದಿಲ್ಲ! ಮುದುಕಿ ಬೇಗ ಹೋಗಲಿ ಎಂದೇ ಇರಬೇಕು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಪ್ರತಿದಿನ ಬೆಳಗಿನ ಜಾವ ತನ್ನನ್ನು ತಾನೇ ಜಾಲಾಡಿಕೊಳ್ಳುವುದು ಅವಳ ರೂಢಿ. ಎಲೆಕೋಸಿನ ಕಿಮ್ಚಿ ಉಪ್ಪಾಯಿತೆಂದು ಮುಖ ಸಿಂಡರಿಸಿದ್ದು, ಪಕ್ಕದ ಮನೆಯವಳ ಹೊಸ ಕೋಟು ಕಂಡು ಕರುಬಿದ್ದು, ಎಲ್ಲವನ್ನೂ ಹೆಕ್ಕಿ ಹೆಕ್ಕಿ ದೇವರಿಗೆ ಒಪ್ಪಿಸುತ್ತಿದ್ದಳು. ಆ ಕೆಲಸದಲ್ಲಿ ಪಳಗಿದ ಕೈ. ಇವತ್ತು ಮಾತ್ರ ಬರೀ ಸೊಸೆಯ ಮೇಲಿನ ದೂರು ಒಪ್ಪಿಸಿ ಆಮೆನ್ ಎಂದಳು.

ಮಗ ಕಡಲಿನ ಸಿಂಪಿ ತೆಗೆಯುವ ದೋಣಿಗೆ ಹೋಗಿದ್ದ. ಮೊಮ್ಮಗಳು ಇನ್ನೂ ಎದ್ದಿರಲಿಲ್ಲ. ಮಿಹ್ಯಾಂಗ್ ಊಟದ ಪುಟ್ಟ ಮೇಜನ್ನು ತಂದು ಅತ್ತೆಯ ಮುಂದಿಟ್ಟಳು.

"ದಾಯುನ್ ಅಮ್ಮ," ಎಂದು ಬುನ್ರೆ ಸೊಸೆಯನ್ನು ಕರೆದಳು.

"ಏನತ್ತೆ? ಸಾರು ತಣ್ಣಗಾಯ್ತಾ?"

"ಸಾರಿನ ಮನೆ ಹಾಳಾಯ್ತು. ಗಡಿಗೆಗೆ ನನ್ನ ಚಮಚ ಯಾಕೆ ಹಾಕಲ್ಲ ನೀನು? ನಂದು ಕೈ ಹೋಗಿದೆ ಅಷ್ಟೇ, ಕಿವಿ ಹೋಗಿಲ್ಲ."

ಮಿಹ್ಯಾಂಗ್ ಕಣ್ಣು ಪಿಳಿಪಿಳಿ ಬಿಟ್ಟಳು. "ಅಯ್ಯೋ, ಮೊದಲನೇ ಚಮಚ ನಿಮ್ದೇ ಅತ್ತೆ! ಕೈ ಬರ್ಲಪ್ಪಾ ಅಂತ ತುಂಬ್ಸಿ ಹಾಕ್ತೀನಿ. ಆಮೇಲೆ ಇವರದು, ಆಮೇಲೆ ದಾಯುನ್‌ದು."

"ಮತ್ತೆ ನಿಂದು?"

"ನಂದಾ?" ಮಿಹ್ಯಾಂಗ್ ನಕ್ಕಳು. "ಸೊಸೆದು ಹಾಕೋ ಹಾಗಿಲ್ವಲ್ಲ ಅತ್ತೆ. ನೀವು ಹಾಕೋದನ್ನ ನೋಡ್ಕೊಂಡೇ ಕಲ್ತಿದ್ದು. ನಮ್ಮಮ್ಮನ ಮನೇಲಿ ಇದೆಲ್ಲ ಎಲ್ಲಿತ್ತು?"

ಬುದ್ಧನಿಗೆ ಅಡ್ಡಬೀಳುವ ಮನೆಯ ಹುಡುಗಿಯನ್ನು ಮಗ ಕಟ್ಟಿಕೊಂಡು ಬಂದನೆಂಬ ಸಿಟ್ಟಿಗೆ ಬುನ್ರೆ ಮೊದಲ ದಿನ ಬೇಕೆಂದೇ ಆ ಚಮಚ ಹಾಕಿರಲಿಲ್ಲ. ದೀಕ್ಷಾಸ್ನಾನವಾಗಲಿ, ಆಮೇಲೆ ನೋಡೋಣ ಎಂದುಕೊಂಡಿದ್ದಳು. ದೀಕ್ಷಾಸ್ನಾನವಾಯಿತು. ಮಗು ಹುಟ್ಟಿತು. ಮಗುವಿನ ಹೆಸರಿಗೊಂದು ಚಮಚ ಹೆಚ್ಚಿತು, ಅದರ ತಾಯಿಯದು ಬರಲೇ ಇಲ್ಲ. ಇಷ್ಟು ವರ್ಷ ಬೆಳಗಾದರೆ ಪಾಪ ಹೆಕ್ಕುತ್ತಿದ್ದವಳ ಕೈಗೆ ಇದೊಂದು ಸಿಕ್ಕಿರಲಿಲ್ಲ.

"ಊಟ ಮಾಡಿ ಅತ್ತೆ," ಎಂದು ಮಿಹ್ಯಾಂಗ್ ಮೀನಿನ ಮುಳ್ಳು ಬಿಡಿಸಿಕೊಟ್ಟಳು.

ಮರುದಿನ ಮೂರನೆಯ ಸದ್ದು ಕೇಳಿದೊಡನೆ ಬುನ್ರೆ ಗೋಡೆ ಹಿಡಿದು ಅಡುಗೆಮನೆಗೆ ಬಂದಳು.

"ಅಯ್ಯಯ್ಯೋ, ಬಿದ್ದುಗಿದ್ದೀರಿ! ಕರೆದಿದ್ರೆ ನಾನೇ ಬರ್ತಿರ್ಲಿಲ್ವಾ?"

"ಕೊಡಿಲ್ಲಿ ಚಮಚ."

ಎಡಗೈಗೆ ಅಭ್ಯಾಸವಿರಲಿಲ್ಲ. ಚಮಚ ವಾಲಿತು; ಅರ್ಧ ಅಕ್ಕಿ ಗಡಿಗೆಗೆ ಬಿತ್ತು, ಅರ್ಧ ನೆಲಕ್ಕೆ ಚೆಲ್ಲಿತು.

"ಎಲ್ಲಾರ್ದೂ ಆಯ್ತಲ್ಲ ಅತ್ತೆ. ಇದ್ಯಾರದು?"

"ಮಿಹ್ಯಾಂಗ್‌ದು," ಎಂದಳು ಬುನ್ರೆ.

ಆ ಮನೆಯಲ್ಲಿ ಗಂಡನ ಬಾಯಲ್ಲೂ ಸೊಸೆ ದಾಯುನ್ ಅಮ್ಮನೇ, ಹೆಸರು ಹಿಡಿದು ಕರೆದವರಿಲ್ಲ. ಮಿಹ್ಯಾಂಗ್ ಅತ್ತೆಗೆ ಬೆನ್ನು ಮಾಡಿ ಕೂತು ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಆಯ್ದು ಗಡಿಗೆಗೆ ಹಾಕತೊಡಗಿದಳು. ನೆಲದ ಮೇಲೆ ಒಂದು ಕಾಳೂ ಉಳಿಯದಿದ್ದರೂ ಬಹಳ ಹೊತ್ತು ಹಾಗೇ ತಡಕುತ್ತಿದ್ದಳು.